ನಾಯಿ ಕಾಣೆಯಾಗಿದೆ, ಎಲ್ಲರೂ ನೋಡಿದ್ದಾರೆ

ಪರ್ಸು ಕಳೆದುಹೋದರೆ ಯಾರೂ ನೋಡಿರುವುದಿಲ್ಲ. ಕೊಡೆ ಕಳೆದುಹೋದರಂತೂ ಕೇಳುವುದೇ ವ್ಯರ್ಥ. ನಾಯಿ ಕಳೆದುಹೋದರೆ ಮಾತ್ರ ಇಡೀ ಬೀದಿ ಸಾಕ್ಷಿ ಹೇಳಲು ಎದ್ದು ನಿಲ್ಲುತ್ತದೆ. ನಮ್ಮ ವೀರ ಗುಡುಗಿಗೆ ಹೆದರಿ ಗೇಟಿನ ಸಂದಿಯಲ್ಲಿ ನುಸುಳಿ ಓಡಿದ ಸಂಜೆ ಇದು ನನಗೆ ಮನವರಿಕೆಯಾಯಿತು. ಬೀದಿಯ ತುದಿಯಲ್ಲಿ ನಿಂತಿದ್ದವರೊಬ್ಬರು ಅದು ಎಡಕ್ಕೆ ತಿರುಗಿತು ಎಂದರು. ಅವರ ಭುಜಕ್ಕೆ ಭುಜ ತಾಗಿಸಿ ನಿಂತಿದ್ದವರು ಬಲಕ್ಕೆ ಎಂದರು. ಇಬ್ಬರೂ ಕಣ್ಣಾರೆ ಕಂಡವರೇ. ಮಹಡಿಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದ ಮಹಿಳೆ ಕೆಳಗೆ ಬಗ್ಗಿ, “ಕಪ್ಪು ನಾಯಿ ತಾನೆ?” ಎಂದು ಕೇಳಿದರು.

“ಇಲ್ಲಮ್ಮ, ಕಂದು ಬಣ್ಣ.”

“ಹಾಂ, ಅದೇ. ಮಳೆಯಲ್ಲಿ ನೆಂದು ಕಪ್ಪಾಗಿತ್ತು.”

ಮಳೆ ಆಗ ಇನ್ನೂ ಶುರುವಾಗಿರಲಿಲ್ಲ.

ವೀರ ಎಂಬ ಹೆಸರಿಟ್ಟವಳು ನನ್ನ ಮಗಳು. ಮರಿಯಾಗಿದ್ದಾಗ ಅದು ಒಂದು ಜಿರಲೆಯನ್ನು ಎದುರಿಸಿ ನಿಂತಿತ್ತು. ಪರಾಕ್ರಮ ಅಲ್ಲಿಗೇ ಮುಗಿಯಿತು, ಬಿರುದು ಮಾತ್ರ ಉಳಿದುಕೊಂಡಿತು. ಈಗ ಮೋಡ ಕವಿದರೆ ಸಾಕು, ಮಂಚದ ಕೆಳಗೆ ಸೇರಿಕೊಳ್ಳುತ್ತದೆ. ಅಂದು ಮಂಚಕ್ಕಿಂತ ಗೇಟು ಹತ್ತಿರವಿತ್ತು, ಅಷ್ಟೇ.

ಹುಡುಕಲು ಹೊರಟ ಮೇಲೆ ಎದುರಾದ ಮೊದಲ ತೊಡಕು, ಕಳೆದುಹೋದ ನಾಯಿ ಹೇಗಿದೆ ಎಂದು ಹೇಳುವುದು. ಮಧ್ಯಮ ಗಾತ್ರ, ಕಂದು ಬಣ್ಣ, ಎರಡು ಕಿವಿ ಎಂದು ನಾನು ಹೇಳಿದೆ. ಕೇಳಿದವರು ಇನ್ನೂ ಏನಾದರೂ ಬರಬಹುದೆಂದು ಕಾದರು. ಎದೆಯ ಮೇಲೊಂದು ಬಿಳಿ ಮಚ್ಚೆಯಿದೆ, ಬಾಲ ಎಡಕ್ಕೆ ಬಾಗಿದೆ ಎಂದು ನನ್ನ ಹೆಂಡತಿ ಸೇರಿಸಿದಳು. ಬಾಲ ಬಲಕ್ಕೆ ಬಾಗಿದೆ ಎಂದು ನಾನು ತಿದ್ದಿದೆ. ಹಿಂದಿನಿಂದ ನೋಡಿದಾಗಲೋ ಮುಂದಿನಿಂದ ನೋಡಿದಾಗಲೋ ಎಂಬ ಪ್ರಶ್ನೆ ಎದ್ದಿತು. ನಡುಬೀದಿಯಲ್ಲಿ ಈ ಚರ್ಚೆ ಬಿಸಿಯೇರುತ್ತಿದ್ದ ಹೊತ್ತಿಗೆ ಮೊದಲ ಹನಿಗಳು ಬಿದ್ದವು.

ಹೆಸರಿನ ತೊಡಕು ಇದಕ್ಕಿಂತ ದೊಡ್ಡದು. ನಾವಿಟ್ಟ ಹೆಸರಿಗೆ ನಾಯಿ ಓಗೊಡಲೇಬೇಕು ಎಂಬ ಕಾನೂನು ಎಲ್ಲಿಯೂ ಇಲ್ಲ. ನಮ್ಮದಕ್ಕೆ ಬೊಗಳುವುದು ಪೂರ್ಣಾವಧಿ ಉದ್ಯೋಗ. ಅದು ಬೊಗಳಿದಾಗಲೆಲ್ಲ ಮನೆಯ ಯಾವುದೋ ಒಂದು ಮೂಲೆಯಿಂದ “ಸುಮ್ಮನಿರೋ!” ಎಂಬ ಗರ್ಜನೆ ಹೊರಡುತ್ತದೆ. ಬೆಳಗಿನಿಂದ ರಾತ್ರಿಯವರೆಗೆ ಅದನ್ನೇ ಕೇಳಿಸಿಕೊಂಡ ಪ್ರಾಣಿ, ತನ್ನನ್ನು ಕರೆಯುವುದು ಹಾಗೆಯೇ ಎಂದು ತೀರ್ಮಾನಿಸಿಬಿಟ್ಟಿದೆ. ಅದರ ದೃಷ್ಟಿಯಿಂದ ನೋಡಿದರೆ ತೀರ್ಮಾನ ಸರಿಯಾಗಿಯೇ ಇದೆ. ಯಾವ ಸದ್ದಿನ ಬೆನ್ನಿಗೆ ಏನು ನಡೆಯುತ್ತದೆ ಎಂಬುದಷ್ಟೇ ನಾಯಿಗೆ ಮುಖ್ಯ. “ವೀರ” ಎಂದರೆ ಸ್ನಾನ, ಇಲ್ಲವೇ ಜಂತುಹುಳುವಿನ ಮಾತ್ರೆ. “ಸುಮ್ಮನಿರೋ” ಎಂದರೆ ಯಾರಾದರೊಬ್ಬರು ಎದ್ದು ಬಂದು ತಲೆ ಸವರುತ್ತಾರೆ. ಯಾವ ಕರೆಗೆ ಬಾಲ ಅಲ್ಲಾಡಿಸಬೇಕು ಎಂದು ಅದಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹೀಗಾಗಿ ಮಳೆ ನಿಂತು ಬಡಾವಣೆಯೆಲ್ಲ ನಿಶ್ಶಬ್ದವಾಗಿದ್ದ ಹೊತ್ತಿನಲ್ಲಿ, ನಾವಿಬ್ಬರೂ ಟಾರ್ಚ್ ಹಿಡಿದುಕೊಂಡು, ಮನೆಮನೆಯ ಮುಂದೆಯೂ “ಸುಮ್ಮನಿರೋ! ಸುಮ್ಮನಿರೋ!” ಎಂದು ಗಂಟಲು ಹರಿಯುವಂತೆ ಕೂಗುತ್ತಾ ಸಾಗಿದೆವು.

ಪರಿಣಾಮ ಅದ್ಭುತವಾಗಿತ್ತು. ಒಂದು ಮನೆಯಲ್ಲಿ ಟಿವಿಯ ಸದ್ದು ತಟ್ಟನೆ ಇಳಿಯಿತು. ಇನ್ನೊಂದು ಮನೆಯಲ್ಲಿ ರಂಗೇರಿದ್ದ ಗಂಡ ಹೆಂಡಿರ ಜಗಳ ಅರ್ಧಕ್ಕೇ ನಿಂತು, ಕಿಟಕಿಯ ಪರದೆ ಒಂದಿಷ್ಟು ಸರಿಯಿತು. ಜಗಲಿಯಲ್ಲಿ ಒಬ್ಬರೇ ಕುಳಿತಿದ್ದ ಅಜ್ಜ ನೊಂದ ದನಿಯಲ್ಲಿ, “ನಾನು ಬಾಯಿಯನ್ನೇ ತೆರೆದಿಲ್ಲವಲ್ಲಪ್ಪ” ಎಂದರು. ಅವರ ಬಳಿ ನಿಂತು ವಿವರಿಸಿ, ಕ್ಷಮೆ ಕೇಳಿ, ನಾಲ್ಕು ಹೆಜ್ಜೆ ಮುಂದೆ ಹೋಗಿ ಮತ್ತೆ “ಸುಮ್ಮನಿರೋ!” ಎಂದು ಕೂಗಬೇಕಾಯಿತು. ಅಜ್ಜ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಕಟ್ಟಡದ ಕೆಲಸದ ಗದ್ದಲದ ವಿರುದ್ಧ ಬಹಳ ಕಾಲದಿಂದ ಅರ್ಜಿ ಬರೆಯುತ್ತಿದ್ದ ಹಿರಿಯರೊಬ್ಬರು ಮಾತ್ರ ಹೊರಗೆ ಬಂದು ನನ್ನ ಕೈ ಕುಲುಕಿದರು. “ಈ ಬಡಾವಣೆಯಲ್ಲಿ ಒಬ್ಬರಾದರೂ ಧ್ವನಿಯೆತ್ತಿದಿರಲ್ಲ” ಎಂದು ಹೇಳಿ, ವಿಷಯವೇನೆಂದು ಕೇಳದೆ ನಮ್ಮ ಜೊತೆ ಹೆಜ್ಜೆ ಹಾಕಿದರು. ಬೀದಿನಾಯಿಗಳು ಉತ್ಸಾಹದಿಂದ ಉತ್ತರ ಕೊಟ್ಟವು. ನಾವು ಸುಮ್ಮನಿರಲು ಹೇಳಿದಷ್ಟೂ ಅವು ಬೊಗಳಿದವು. ಉತ್ತರ ಕೊಡದೆ ಉಳಿದ ನಾಯಿ ಒಂದೇ, ನಮ್ಮದು.

ಗುಂಪು ಬೆಳೆಯಿತು. ಗುಂಪಿನ ಜೊತೆಗೆ ಸಲಹೆಗಳೂ ಬೆಳೆದವು. ಕುತ್ತಿಗೆಯ ಚರ್ಮದಡಿ ಚಿಪ್ ಇದೆ ಎಂದು ನಾನು ಬಾಯಿತಪ್ಪಿ ಹೇಳಿದ್ದೇ ತಡ, “ಹಾಗಿದ್ದರೆ ಮೊಬೈಲಿನಲ್ಲಿ ನೋಡಿಬಿಡಿ, ಎಲ್ಲಿದೆ ಎಂದು ಗೊತ್ತಾಗುತ್ತದೆ” ಎಂದು ಐದಾರು ಮಂದಿ ಒಟ್ಟಿಗೆ ಹೇಳಿದರು. ಆ ಚಿಪ್ ಅಕ್ಕಿಕಾಳಿನಷ್ಟು ದೊಡ್ಡದು. ಅದರೊಳಗೆ ಬ್ಯಾಟರಿಯಿಲ್ಲ, ನಕ್ಷೆಯಿಲ್ಲ. ಇರುವುದು 15 ಅಂಕಿಗಳ ಒಂದು ಸಂಖ್ಯೆ. ಓದುವ ಯಂತ್ರವನ್ನು ನಾಯಿಯ ಮೈಗೆ ಹತ್ತಿರ ಹಿಡಿದರೆ ಆ ಸಂಖ್ಯೆ ಕಾಣಿಸುತ್ತದೆ. ಅಂದರೆ ನಾಯಿ ಎಲ್ಲಿದೆ ಎಂದು ತಿಳಿಯಬೇಕಾದರೆ ಮೊದಲು ನಾಯಿ ಸಿಗಬೇಕು. ಇದನ್ನು ವಿವರಿಸಿದಾಗ ಎಲ್ಲರೂ ನನ್ನನ್ನೇ, ಯಾರೋ ಮೋಸ ಮಾಡಿ ಚಿಪ್ ಮಾರಿದ ಬಡಪಾಯಿಯಂತೆ ನೋಡಿದರು.

ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಓದಿಕೊಂಡವರು. ಅವರು ನಡೆಯುತ್ತಲೇ ಮೊಬೈಲಿನಲ್ಲಿ ಹುಡುಕಿ, 2012ರಲ್ಲಿ ಪ್ರಕಟವಾದ ಅಮೆರಿಕದ ಸಮೀಕ್ಷೆಯೊಂದನ್ನು ನಮಗೆಲ್ಲ ಓದಿ ಹೇಳಿದರು. ಅದರ ಪ್ರಕಾರ ಕಳೆದುಹೋದ ನಾಯಿಗಳಲ್ಲಿ ಶೇಕಡಾ 93 ಮರಳಿ ಸಿಕ್ಕಿದ್ದವು. ಸಿಕ್ಕವುಗಳಲ್ಲಿ ಸುಮಾರು ಅರ್ಧದಷ್ಟು ಅಕ್ಕಪಕ್ಕದಲ್ಲಿ ಹುಡುಕಿದಾಗ ಸಿಕ್ಕವು, ಐದರಲ್ಲೊಂದು ತಾನಾಗಿಯೇ ಮನೆಗೆ ಬಂದದ್ದು. ಸಮಾಧಾನ ಹೇಳುವ ಉದ್ದೇಶ ಒಳ್ಳೆಯದೇ. ಆದರೆ ನನ್ನ ಹೆಂಡತಿಗೆ ಕೇಳಿಸಿದ್ದು ಉಳಿದ ಏಳು ಮಾತ್ರ. ಮೇಷ್ಟ್ರು ತಕ್ಷಣ 2020ರ ಇನ್ನೊಂದು ಅಧ್ಯಯನಕ್ಕೆ ಜಿಗಿದರು. ಜೆಕ್ ಸಂಶೋಧಕರು ಬೇಟೆನಾಯಿಗಳಿಗೆ ಜಿಪಿಎಸ್ ಕಟ್ಟಿ ಕಾಡಿನಲ್ಲಿ ಬಿಟ್ಟಾಗ, ಕೆಲವು ನಾಯಿಗಳು ಹೋದ ದಾರಿಯನ್ನು ಬಿಟ್ಟು ಹೊಸ ದಾರಿಯಲ್ಲಿ ಯಜಮಾನನ ಬಳಿಗೆ ಮರಳಿದವಂತೆ. ಹಾಗೆ ಹೊರಡುವ ಮುನ್ನ ಅವು ಎಷ್ಟೋ ಸಲ ಉತ್ತರ ದಕ್ಷಿಣವಾಗಿ ಸುಮಾರು 20 ಮೀಟರ್ ಓಡಿ, ಭೂಮಿಯ ಕಾಂತಕ್ಷೇತ್ರಕ್ಕೆ ತಮ್ಮನ್ನು ಹೊಂದಿಸಿಕೊಂಡಂತೆ ಕಂಡಿತಂತೆ.

ನಾನು ಗೌರವದಿಂದ ತಲೆಯಾಡಿಸಿದೆ. ನಮ್ಮ ವೀರ ದೀಪದ ಕಂಬಕ್ಕೆ ಒಂದು ಸುತ್ತು ಬಂದು ಹಗ್ಗ ಬಿಗಿದುಕೊಂಡರೆ, ಬಿಡಿಸಿಕೊಳ್ಳಲು ಅದೇ ದಿಕ್ಕಿನಲ್ಲಿ ಇನ್ನೊಂದು ಸುತ್ತು ಹಾಕುತ್ತದೆ. ಕಾಂತಕ್ಷೇತ್ರದ ಮೇಲೆ ನನಗೆ ಹೆಚ್ಚಿನ ಭರವಸೆ ಬರಲಿಲ್ಲ.

ವಾಸನೆಯ ಮೇಲೆ ಮಾತ್ರ ಇತ್ತು. ನಾಯಿಯ ಮೂಗಿನಲ್ಲಿ ವಾಸನೆ ಹಿಡಿಯುವ ಗ್ರಾಹಕಗಳು 20 ಕೋಟಿಗೂ ಹೆಚ್ಚು; ನಮ್ಮಲ್ಲಿ ಐವತ್ತು ಅರವತ್ತು ಲಕ್ಷವಿದ್ದರೆ ಹೆಚ್ಚು. ಅದಕ್ಕೇ ಮನೆಯವರು ತೊಟ್ಟು ಬಿಟ್ಟ ಬಟ್ಟೆಯನ್ನು ಗೇಟಿನ ಬಳಿ ಇಡಿ ಎಂದು ತಿಳಿದವರು ಹೇಳುತ್ತಾರೆ. ಯಾರ ಬಟ್ಟೆ ಇಡಬೇಕು ಎಂಬ ಪ್ರಶ್ನೆಗೆ ಮನೆಯಲ್ಲಿ ಚರ್ಚೆಯೇ ನಡೆಯಲಿಲ್ಲ. ಹೆಂಡತಿ, ಮಗಳು, ಇಬ್ಬರೂ ಅನುಮಾನಕ್ಕೆ ಎಡೆಯಿಲ್ಲದಂತೆ ನನ್ನ ಅಂಗಿಯತ್ತ ಬೆರಳು ತೋರಿದರು. ಅಂಗಿಯನ್ನು ಇಟ್ಟು ಬಂದೆವು. ನಮ್ಮ ನಾಯಿ ಬರಲಿಲ್ಲ. ಬೇರೊಂದು ನಾಯಿ ಬಂದು, ಮೂಸಿ, ಮೆಚ್ಚಿ, ಅಂಗಿಯನ್ನು ಕಚ್ಚಿಕೊಂಡು ಹೋಯಿತು. ಈಗ ಹುಡುಕಬೇಕಾದವು ಎರಡಾದವು.

ಕೊನೆಗೆ ಕೆಲಸ ಮಾಡಿದ್ದು ಮೇಷ್ಟ್ರು ಎಲ್ಲರಿಗಿಂತ ತಡವಾಗಿ ಓದಿದ ಸಲಹೆ. ಹೆದರಿದ ನಾಯಿಯನ್ನು ಕೂಗಿ ಕರೆಯಬಾರದು, ಅಟ್ಟಿಸಿಕೊಂಡು ಹೋಗಬಾರದು, ಕಣ್ಣಲ್ಲಿ ಕಣ್ಣಿಡಬಾರದು. ಪಕ್ಕಕ್ಕೆ ತಿರುಗಿ ನೆಲದ ಮೇಲೆ ಕುಳಿತು, ನಿಮಗೆ ನಾಯಿಯೇ ಬೇಡವೆಂಬಂತೆ ಇರಬೇಕು. ಅಷ್ಟು ಹೊತ್ತೂ ನಾವು ಮಾಡಿದ್ದು ಇದರ ತದ್ವಿರುದ್ಧ, ಅದೂ ಮೆರವಣಿಗೆ ಸಮೇತ. ಗುಂಪನ್ನು ಆಚೆ ತಿರುವಿಗೆ ಕಳಿಸಿ, ನನ್ನ ಹೆಂಡತಿ ಒದ್ದೆ ರಸ್ತೆಯ ಅಂಚಿನಲ್ಲಿ ಕುಳಿತು ಚಪ್ಪಲಿಯ ಕೆಸರು ಕೆರೆಯತೊಡಗಿದಳು. ಸ್ವಲ್ಪ ಹೊತ್ತಿಗೆ ಎದುರುಸಾಲಿನ ಕಾರೊಂದರ ಕೆಳಗಿನಿಂದ ಮೊದಲು ಮೂಗು, ಆಮೇಲೆ ಗ್ರೀಸು ಮೆತ್ತಿಕೊಂಡ ಉಳಿದ ಭಾಗ ಹೊರಬಂದವು. ನಮ್ಮ ಮನೆಯಿಂದ ಮೂರನೆಯ ಮನೆಯ ಕಾರು ಅದು. ಅದರ ಮಾಲೀಕರು ಅದೇ ಕಾರಿಗೆ ಒರಗಿ ನಿಂತು, ನಾಯಿ ದೊಡ್ಡ ರಸ್ತೆ ದಾಟಿದ್ದನ್ನು ತಾವೇ ನೋಡಿದ್ದಾಗಿ ಸಂಜೆಯಿಂದ ಹೇಳುತ್ತಿದ್ದರು.

“ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ” ಎಂದು ಮೇಷ್ಟ್ರು ಗಾದೆ ಹೇಳಿದರು. ಹೆದರಿದ ನಾಯಿ ಹತ್ತಿರದಲ್ಲೇ ಅವಿತುಕೊಂಡು, ಮನೆಯವರೇ ಕರೆದರೂ ಕದಲದೆ ಇರುವುದುಂಟು ಎಂದೂ ಓದಿದರು. ನನಗೆ ಆ ವಿವರಣೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಹುಟ್ಟಿದಂದಿನಿಂದ ಕೇಳಿಸಿಕೊಳ್ಳದ ಆಜ್ಞೆಯನ್ನು ಅದು ಅಂದು, ಒಂದೇ ಒಂದು ಸಲ, ಚಾಚೂ ತಪ್ಪದೆ ಪಾಲಿಸಿತ್ತು.

ನಾಯಿ ಸಿಕ್ಕಿದರೂ ಪ್ರಕರಣ ಮುಗಿಯಲಿಲ್ಲ. ನಾವು ಅಲೆಯುತ್ತಿದ್ದಾಗ ಬಡಾವಣೆಯ ಹುಡುಗರು ‘ನಾಯಿ ಕಾಣೆಯಾಗಿದೆ’ ಎಂಬ ಚೀಟಿ ಮುದ್ರಿಸಿ, ಸಿಕ್ಕ ಸಿಕ್ಕ ಗೋಡೆಗೆಲ್ಲ ಅಂಟಿಸಿದ್ದರು. ಅಂಟಿಸುವಾಗ ಇದ್ದ ಹುರುಪು ಕೀಳುವಾಗ ಯಾರಿಗೂ ಇರಲಿಲ್ಲ. ಅವರು ಬಳಸಿದ ಗೋಂದಂತೂ ಮಳೆಗೂ ಜಗ್ಗಲಿಲ್ಲ, ನನ್ನ ಉಗುರಿಗೂ ಜಗ್ಗಲಿಲ್ಲ. ಚೀಟಿಯಲ್ಲಿದ್ದ ಚಿತ್ರ ಮಗಳ ಮೊಬೈಲಿನಿಂದ ತೆಗೆದದ್ದು. ವೀರ ಅಲ್ಲಾಡದೆ ಇರುವುದು ನಿದ್ದೆಯಲ್ಲಿ ಮಾತ್ರವಾದ್ದರಿಂದ, ಚಿತ್ರದಲ್ಲಿ ಕಾಣುತ್ತಿದ್ದುದು ಸುರುಳಿ ಸುತ್ತಿ ಮಲಗಿದ ಒಂದು ಕಂದು ರಾಶಿ ಮತ್ತು ಒಂದು ಕಿವಿ. ಅದರ ಕೆಳಗೆ ದೊಡ್ಡ ಅಕ್ಷರದಲ್ಲಿ ನನ್ನ ಮೊಬೈಲ್ ಸಂಖ್ಯೆ. ಎಲ್ಲಿ ಯಾವ ನಾಯಿ ಮಲಗಿದ್ದರೂ ನನಗೆ ಕರೆ ಬರತೊಡಗಿತು. ಸಿಕ್ಕಿದೆ ಎಂದು ಹೇಳಿದರೆ ಕೆಲವರಿಗೆ ನಿರಾಸೆ, ಕೆಲವರಿಗೆ ಕೋಪ. ಒಬ್ಬರು, “ಮೊದಲೇ ಹೇಳಬಾರದೇ, ಇಷ್ಟು ಹೊತ್ತು ಇಲ್ಲಿ ಕಾವಲು ನಿಂತಿದ್ದೇನೆ” ಎಂದು ಗದರಿಸಿಯೇ ಫೋನ್ ಇಟ್ಟರು.

ಕಳೆದ ಭಾನುವಾರ ಬೆಳಿಗ್ಗೆ ಒಬ್ಬ ಯುವಕ ಹಗ್ಗ ಕಟ್ಟಿದ ನಾಯಿಯೊಂದಿಗೆ ಗೇಟಿನ ಮುಂದೆ ನಿಂತಿದ್ದ. ನಾಯಿ ದಷ್ಟಪುಷ್ಟವಾಗಿ, ಶಾಂತವಾಗಿ, ಬಾಯಿ ಮುಚ್ಚಿಕೊಂಡು ಕುಳಿತಿತ್ತು. ನನ್ನ ಬೆನ್ನ ಹಿಂದೆ ವೀರ ಲೋಕವೇ ಮುಳುಗಿದಂತೆ ಬೊಗಳುತ್ತಿತ್ತು.

“ನಿಮ್ಮ ನಾಯಿಯನ್ನು ತಂದಿದ್ದೇನೆ, ಸಾರ್.”

“ನಮ್ಮದು ಅಂದೇ ಸಿಕ್ಕಿತಪ್ಪ. ಅಗೋ, ಅಲ್ಲಿದೆ.”

ಅವನು ಜೇಬಿನಿಂದ ಮಡಿಸಿದ ಚೀಟಿಯನ್ನು ತೆಗೆದು ಬಿಡಿಸಿದ. ಚಿತ್ರ ನೋಡಿದ, ತಾನು ತಂದ ನಾಯಿಯನ್ನು ನೋಡಿದ, ಒಳಗಿನ ಗಲಾಟೆಯನ್ನು ಬಹಳ ಹೊತ್ತು ನೋಡಿದ. ಆಮೇಲೆ ದನಿ ತಗ್ಗಿಸಿ ಹೇಳಿದ: “ಸಾರ್, ಬೇಜಾರು ಮಾಡಿಕೊಳ್ಳಬೇಡಿ. ನಿಮಗೆ ಯಾರೋ ಬೇರೆ ನಾಯಿಯನ್ನು ಕೊಟ್ಟು ಹೋಗಿದ್ದಾರೆ.”