ಹೆಸರು ಹೇಳಿ ಮಾತಾಡಿಸಿ

"ಆನು (ನಾನು) ಯಾರು, ಹೇಳು ನೋಡನ?" ಶಿರಸಿ ಸೀಮೆಯ ಮದುವೆಮನೆಗಳಲ್ಲಿ ಈ ಪ್ರಶ್ನೆ ಕಿವಿಗೆ ಬಿದ್ದರೆ ನನಗೆ ಊಟವೇ ಸೇರುವುದಿಲ್ಲ. ಕೇಳಿದವರು ಕೈ ಹಿಡಿದುಕೊಂಡು ಎದುರಿಗೇ ನಿಲ್ಲುತ್ತಾರೆ, ಉತ್ತರ ಬರುವ ತನಕ ಬಿಡುವುದಿಲ್ಲ. ಸುತ್ತ ನಾಲ್ಕು ಜನ ಸೇರುತ್ತಾರೆ. ಪೇಟೆ ಸೇರಿದ ಮೇಲೆ ಸೊಕ್ಕು ಬಂತು ಎಂಬ ಮಾತೂ ಬರುತ್ತದೆ.

ನನಗಿರುವುದು ಮುಖಗುರುಡು. ಕಣ್ಣು ಚೆನ್ನಾಗಿದೆ, ನೆನಪೂ ಗಟ್ಟಿಯಿದೆ. ಮೂಗು, ಹುಬ್ಬು, ತುಟಿ ಎಲ್ಲ ಕಾಣುತ್ತವೆ. ಅವೆಲ್ಲ ಸೇರಿದ್ದು ಇಂಥವರ ಮುಖ ಎಂದು ಮಿದುಳು ಗುರುತು ಹಚ್ಚುವುದಿಲ್ಲ, ಅಷ್ಟೇ. 1947ರಲ್ಲೇ ಜರ್ಮನಿಯ ನರರೋಗ ತಜ್ಞ ಬೋಡಾಮರ್ ಇದಕ್ಕೆ ಪ್ರೊಸೊಪಗ್ನೋಸಿಯಾ ಎಂದು ಹೆಸರಿಟ್ಟರು. ಕೆಲವರಿಗೆ ಪಾರ್ಶ್ವವಾಯುವಾಗಿಯೋ ತಲೆಗೆ ಪೆಟ್ಟು ಬಿದ್ದೋ ಬರುತ್ತದೆ, ನನ್ನಂಥವರಿಗೆ ಹುಟ್ಟಿನಿಂದಲೇ. ಇದಕ್ಕೆ ಕನ್ನಡಕವೂ ಇಲ್ಲ, ಮಾತ್ರೆಯೂ ಇಲ್ಲ.

ನಾನು ಗುರುತು ಹಿಡಿಯುವುದು ದನಿಯಿಂದ, ನಡಿಗೆಯಿಂದ. ದೊಡ್ಡಮಾವ ಕವಳದ ಸಂಚಿ ಬಿಚ್ಚುವ ಮುಂಚೆ ಸುಣ್ಣದ ಡಬ್ಬಿಯನ್ನು ಮೊಣಕಾಲ ಮೇಲೆ ಎರಡು ಸಲ ತಟ್ಟುತ್ತಾನೆ. ತಿರುಗಿ ನೋಡದೆಯೇ ಅವನೆಂದು ಗೊತ್ತಾಗುತ್ತದೆ. ಮಾರಿಜಾತ್ರೆಯ ದಿನ ಬಿಡಕಿಬೈಲಿನ ಗದ್ದಲದಲ್ಲಿ ಮಾತ್ರ ಯಾವ ಆಧಾರವೂ ಸಿಗುವುದಿಲ್ಲ. ಎದುರಿಗೆ ನಕ್ಕವನು ಸ್ವಂತ ತಮ್ಮನೋ ಬಳೆ ಅಂಗಡಿಯವನೋ!

ಎಲ್ಲ ಬಿಡಿಸಿ ಹೇಳಿದ ಮೇಲೂ "ನನ್ನನ್ನಾದರೂ ಮರೀಬಾರದಿತ್ತು" ಅನ್ನುತ್ತಾರಲ್ಲ, ಅದಕ್ಕೇ ಸಿಟ್ಟು ಬರುವುದು. ಮರೆತಿಲ್ಲ. ನಿಮ್ಮ ಮನೆಯ ತಂಬುಳಿಯ ರುಚಿ ಕೂಡ ನೆನಪಿದೆ. ಎದುರು ಸಿಕ್ಕಾಗ ನಿಮ್ಮ ಹೆಸರೊಂದು ಹೇಳಿ, ಪರೀಕ್ಷೆ ಮಾಡಬೇಡಿ.