ಗಾಳಿಗೆ ಗಾಸಿಯನ್ ಬ್ಲರ್ ಸಾಕಂತೆ!

ಇವತ್ತು ಮಂಗಳೂರಲ್ಲಿ ಒಂದು ಪ್ರಾಜೆಕ್ಟ್ ಡೆಮೊ ನೋಡಿ ಬಂದೆ. ತಲೆ ಇನ್ನೂ ಬಿಸಿ ಇದೆ. ನಡುವಿನ ಗಾಳಿ ಕದಲಿ ಮಸುಕಾದ ದೂರದ ಹಡಗಿನ ಫೋಟೋವನ್ನು ಎಐ ಸ್ಪಷ್ಟ ಮಾಡುತ್ತದಂತೆ. ಟ್ರೇನಿಂಗಿಗೆ ಮಸುಕು ಫೋಟೋ ಎಲ್ಲಿಂದ ತಂದ್ರಿ ಅಂತ ಕೇಳಿದೆ. "ಒಳ್ಳೇ ಫೋಟೋಗೆ ಗಾಸಿಯನ್ ಬ್ಲರ್ ಹಾಕಿದ್ದು ಸರ್." ಅಂದರೆ ಇಡೀ ಫೋಟೋವನ್ನು ಸಾಫ್ಟ್‌ವೇರಿನಲ್ಲಿ ಒಂದೇ ಸಮ ನುಣ್ಣಗೆ ಮಸುಕು ಮಾಡಿದ್ದು. ಕ್ಯಾಮೆರಾದ ಎಕ್ಸ್‌ಪೋಶರ್, ಅಂದರೆ ಶಟರ್ ತೆರೆದಿರುವ ಹೊತ್ತು? "ಒಂದು ಮಿಲಿಸೆಕೆಂಡ್ ಸರ್."

ಎಂಥದು ಮಾರಾಯ್ರೆ ಇದು!

ಮಟಮಟ ಮಧ್ಯಾಹ್ನ ಮಲ್ಪೆಯಲ್ಲಿ ನಿಂತು ಸೈಂಟ್ ಮೇರೀಸ್ ದ್ವೀಪದ ಕಡೆ ಜೂಮ್ ಲೆನ್ಸ್ ತಿರುಗಿಸಿ ಬರ್ಸ್ಟ್ ಹೊಡೆಯಿರಿ, ಅಂದರೆ ಒಂದರ ಹಿಂದೊಂದು ಪಟಪಟ ಫೋಟೋ. ಒಂದು ಫೋಟೋದಲ್ಲಿ ದೋಣಿಯ ಕಂಬ ಸೊಟ್ಟ. ಮುಂದಿನದರಲ್ಲಿ ಕಂಬ ನೆಟ್ಟಗಿದೆ, ತುದಿ ಎರಡಾಗಿದೆ. ಅದೇ ಹೊತ್ತಿಗೆ ಆಚೆ ತೆಂಗಿನ ಮರ ಇನ್ನೊಂದು ಕಡೆ ವಾಲಿದೆ. ಎಲ್ಲೋ ಒಂದರಲ್ಲಿ ಬಂಡೆಯ ಅಂಚು ಚೂಪಾಗಿ ಸಿಗುತ್ತದೆ. ಇದರಲ್ಲಿ ಗಾಸಿಯನ್ ಎಲ್ಲಿದೆ ಸ್ವಾಮಿ? ಶಟರ್ ಜಾಸ್ತಿ ಹೊತ್ತು ತೆರೆದಿದ್ದರೆ ಈ ಕುಣಿತವೆಲ್ಲ ಒಂದರ ಮೇಲೊಂದು ಬಿದ್ದು ನುಣ್ಣಗೆ ಮಸುಕಾಗುತ್ತದೆ, ಒಪ್ಪಿದೆ. ಕೆಲವೇ ಮಿಲಿಸೆಕೆಂಡಿನಲ್ಲಿ ಗಾಳಿಗೆ ಕದಲಲೂ ಪುರುಸೊತ್ತಿರುವುದಿಲ್ಲ.

ಬೆಳಕಿನ ವಿಜ್ಞಾನಿ ಡೇವಿಡ್ ಫ್ರೈಡ್ 1966ರಲ್ಲೇ ಲಾಂಗ್, ಶಾರ್ಟ್ ಎಕ್ಸ್‌ಪೋಶರ್ ಎರಡನ್ನೂ ಬೇರೆ ಬೇರೆ ಲೆಕ್ಕ ಹಾಕಿಟ್ಟಿದ್ದಾರೆ. ಗಾಳಿ ಬೆಳಕಿನ ಅಲೆಯನ್ನು ಕೆಡಿಸುವುದರಲ್ಲಿ ಸುಮಾರು ಶೇ. 87 ಪಾಲು ಬರೀ ಓರೆ, ಅಂದರೆ ಇಡೀ ಅಲೆ ಒಂದು ಕಡೆ ವಾಲುವುದು. ಶಾರ್ಟ್ ಎಕ್ಸ್‌ಪೋಶರಿನಲ್ಲಿ ಅದು ಚಿತ್ರವನ್ನು ಆಚೀಚೆ ಸರಿಸುತ್ತದೆ ಅಷ್ಟೇ. ಮಸುಕು ಮಾಡುವ ಕಿತಾಪತಿಯೆಲ್ಲ ಉಳಿದ 13ರದ್ದು. 1978ರಲ್ಲಿ ಅವರೇ ಅದೃಷ್ಟದ ಲೆಕ್ಕವನ್ನೂ ಕೊಟ್ಟರು. ಎಷ್ಟು ಅಗಲದವರೆಗೆ ಗಾಳಿ ಬೆಳಕಿನ ಅಲೆಯನ್ನು ಹೆಚ್ಚು ಕೆಡಿಸುವುದಿಲ್ಲವೋ ಆ ಅಳತೆಗೆ ಆರ್‌ನಾಟ್ ಅಂತ ಹೆಸರು. ಲೆನ್ಸಿನ ಅಗಲ ಅದರ ಐದು ಪಟ್ಟಿದ್ದರೆ ನೂರರಲ್ಲಿ ಸುಮಾರು ಹತ್ತು ಫೋಟೋ ಚೆನ್ನಾಗಿ ಬರುತ್ತವೆ. ಹತ್ತು ಪಟ್ಟಾದರೆ? ಹತ್ತು ಲಕ್ಷಕ್ಕೆ ಒಂದು! ಗಾಸಿಯನ್ ಬ್ಲರ್‌ನಲ್ಲಿ ಈ ಅದೃಷ್ಟಕ್ಕೆ ಜಾಗವೇ ಇಲ್ಲ. ಎಲ್ಲವೂ ಒಂದೇ ಸಮ ಹಾಳು.

ಪ್ರಾಜೆಕ್ಟಿನ ಗೈಡ್ ಮಹಾಶಯರು ಮಧ್ಯೆ ಬಂದರು. "ನೋಡೋಕೆ ಹಾಗೇ ಕಾಣ್ತದಲ್ವಾ? ಫೇಸ್ ಸ್ಕ್ರೀನ್ ಎಲ್ಲ ಹಾಕಿದ್ರೆ ಮಕ್ಕಳ ಲ್ಯಾಪ್‌ಟಾಪ್ ಎಳೀಲಿಕ್ಕಿಲ್ಲ." ಸುಮ್ನೆ ಮಾತು. ಫೇಸ್ ಸ್ಕ್ರೀನ್ ಅಂದರೆ ಗಾಳಿ ಬೆಳಕಿನ ಅಲೆಯನ್ನು ಎಲ್ಲೆಲ್ಲಿ ಎಷ್ಟು ಕೆಡಿಸುತ್ತದೆ ಅನ್ನುವುದರ ಕಂಪ್ಯೂಟರ್ ನಕ್ಷೆ. ಗಾಳಿಯ ಸುಳಿಗಳ ಲೆಕ್ಕ ಹೇಳುವ ಕೊಲ್ಮೊಗೊರೊವ್ ಸ್ಪೆಕ್ಟ್ರಮ್, ರ‍್ಯಾಂಡಮ್ ಸಂಖ್ಯೆಗಳು, ಇವನ್ನು ಅಲೆಗಳಾಗಿ ಕೂಡಿಸಲು ಎಫ್‌ಎಫ್‌ಟಿ ಅನ್ನುವ ಒಂದು ಲೆಕ್ಕ, ಇಷ್ಟಿದ್ದರೆ ಒಂದು ಸ್ಕ್ರೀನ್ ರೆಡಿ. ಅದರಲ್ಲಿ ಓರೆ ಕಡಿಮೆ ಬೀಳುತ್ತದೆ, ಅದನ್ನು ಬೇರೆಯಾಗಿ ಸೇರಿಸಬೇಕು. ಚಿತ್ರದ ಬೇರೆ ಬೇರೆ ಮೂಲೆಗೆ ಬೇರೆ ಬೇರೆ ಪಿಎಸ್‌ಎಫ್ (ಒಂದು ಚುಕ್ಕೆ ಹೇಗೆ ಹರಡಿ ಕಾಣುತ್ತದೆ ಅನ್ನುವ ಲೆಕ್ಕ) ಬೇಕು. ಹೌದು, ಸ್ವಲ್ಪ ಕೆಲಸ ಇದೆ. ಕೆಲಸ ಮಾಡಲಿಕ್ಕೇ ಅಲ್ವಾ ಪ್ರಾಜೆಕ್ಟ್ ಇರುವುದು?

ಮಕ್ಕಳ ಮೇಲೆ ನನಗೆ ಸಿಟ್ಟಿಲ್ಲ, ಪಾಪ. ಈ ವಿಷಯ ಬಂದರೆ ನಾನು ಊಟ ಮರೆತು ಜಗಳ ಮಾಡುವವನು ಅಂತ ನಿಮಗೆಲ್ಲ ಗೊತ್ತೇ ಇದೆ. ಮಲ್ಪೆಯಲ್ಲಿ ತೆಗೆದ ಬರ್ಸ್ಟ್‌ಗಳು ನನ್ನ ಹತ್ತಿರ ರಾಶಿ ಇವೆ. ಯಾವ ಕಾಲೇಜಿನ ಮಕ್ಕಳಿಗೆ ಬೇಕಾದರೂ ಕೊಡುತ್ತೇನೆ, ಪೆನ್‌ಡ್ರೈವ್ ಹಿಡ್ಕೊಂಡು ಬನ್ನಿ. ಗೈಡನ್ನು ಕರ್ಕೊಂಡು ಬರಬೇಡಿ.