ಎಣ್ಣೆ ಬಿಸಿಯಾಗುವವರೆಗೆ

ಅಕ್ಕನ ಮಗ ಬೆಂಗಳೂರಿನಲ್ಲಿ ಸಾಲ ಮಾಡಿ ಕೊಂಡ ಸ್ಪೋರ್ಟ್ಸ್ ಕಾರಿಗೆ 300ಕ್ಕೂ ಹೆಚ್ಚು ಅಶ್ವಶಕ್ತಿಯಿದೆ. ಶಿರಸಿ ಸೀಮೆಯ ಚಳಿಗಾಲದ ಬೆಳಗಿನಲ್ಲಿ ಈ ಕುದುರೆಗಳಲ್ಲಿ ಹೆಚ್ಚಿನವು ಏಳುವುದೇ ಇಲ್ಲ. ಬೇರೆಯವರು ಏಳಿಸುವುದಕ್ಕೆ ಅವನು ಬಿಡುವುದೂ ಇಲ್ಲ. "ಎಣ್ಣೆ ಇನ್ನೂ ತಣ್ಣಗಿದೆ ಮಾವ" ಎಂಬುದೇ ಅವನ ಸುಪ್ರಭಾತ. ಮನುಷ್ಯರಿಗೆ ಜ್ವರ ಬಂದರೂ ಇಷ್ಟು ಸಲ ಉಷ್ಣತೆ ನೋಡಿದವನಲ್ಲ ನಮ್ಮ ಮಾಣಿ.

ಬಂಡಿಯನ್ನು ಬಿಸಿ ಮಾಡುವ ವಿಷಯದಲ್ಲಿ ಊರಿನಲ್ಲಿ ಮೊದಲು ಎರಡೇ ಪಂಗಡಗಳಿದ್ದವು. ಭಾವನದು ಹಿರಿಯರ ಪಂಗಡ. ಅವರ ಡೀಸೆಲ್ ಜೀಪು ಅಂಗಳದಲ್ಲಿ ಒಮ್ಮೆ ಗುಡುಗುಡು ಎನ್ನಲು ಶುರು ಮಾಡಿದರೆ ಅವರ ಸ್ನಾನ, ಸಂಧ್ಯಾವಂದನೆ, ದೋಸೆ, ಕವಳ ಎಲ್ಲ ಮುಗಿಯುವವರೆಗೂ ಹಾಗೆಯೇ ಇರಬೇಕು. ಕೊಟ್ಟಿಗೆಯ ಆಕಳು ಕೆಮ್ಮಿದರೂ ಸರಿ. ಅದಕ್ಕೂ ಹಿಂದೆ ಮನೆಯಲ್ಲಿದ್ದ ಪೆಟ್ರೋಲ್ ಅಂಬಾಸಿಡರಿಗೆ ಚೋಕ್ ಎಳೆದು ಕಾಯುವುದು ಅಗತ್ಯವಾಗಿತ್ತು. ಕಾಯದಿದ್ದರೆ ದಣಪೆಯ ಬಳಿಯೇ ಗಕ್ಕನೆ ನಿಂತುಬಿಡುತ್ತಿತ್ತು. ಅಂಬಾಸಿಡರ್ ಹೋಯಿತು, ಅಭ್ಯಾಸ ಉಳಿಯಿತು. ಎರಡನೆಯ ಪಂಗಡ ಕೇರಿಯ ಬೈಕಿನ ಹುಡುಗರದು. ಅವರು ಸ್ವಿಚ್ಚು ಒತ್ತುವುದಕ್ಕೂ ತಿರುವಿನಲ್ಲಿ ಮಾಯವಾಗುವುದಕ್ಕೂ ನಡುವೆ ನಮಗೆ ಕಾಣುವುದು ಹೊಗೆ ಮಾತ್ರ.

ಮಾಣಿ ಎರಡನ್ನೂ ಒಪ್ಪುವುದಿಲ್ಲ. ನಿಲ್ಲಿಸಿಕೊಂಡು ಬಿಸಿ ಮಾಡುವುದು ದಂಡ ಎನ್ನುತ್ತಾನೆ. ತಣ್ಣಗಿನ ಪೆಟ್ರೋಲ್ ಎಂಜಿನ್ ಹೆಚ್ಚು ಇಂಧನ ಕುಡಿಯುತ್ತದೆ. ಪೂರ್ತಿ ಉರಿಯದ ಪೆಟ್ರೋಲು ಸಿಲಿಂಡರಿನ ಗೋಡೆಗೆ ಹತ್ತಿದ ಎಣ್ಣೆಯನ್ನು ತೊಳೆದುಕೊಂಡು ಕೆಳಗಿಳಿದು ಇದ್ದ ಎಣ್ಣೆಯನ್ನೂ ತೆಳ್ಳಗೆ ಮಾಡುತ್ತದೆ. ಅರ್ಧ ನಿಮಿಷದಲ್ಲಿ ಹೊರಡಬೇಕು, ಆದರೆ ಹೊರಟವನು ಓಡಿಸಬಾರದು. ಸುಮ್ಮನೆ ಹೋಗಬೇಕು. ಚಳಿಯಲ್ಲಿ ಡಬ್ಬಿಯೊಳಗಿನ ಜೋನಿಬೆಲ್ಲ ಹೇಗೋ ತಣ್ಣಗಿನ ಎಂಜಿನ್ ಎಣ್ಣೆಯೂ ಹಾಗೆ: ಅವಸರಕ್ಕೆ ಇಳಿಯುವುದಿಲ್ಲ. 40 ಡಿಗ್ರಿಯಲ್ಲಿ ಅದು 100 ಡಿಗ್ರಿಯಲ್ಲಿ ಇರುವುದಕ್ಕಿಂತ ಐದಾರು ಪಟ್ಟು ಮಂದ. ಜೊತೆಗೆ ಪಿಸ್ಟನ್ನು ಅಲ್ಯೂಮಿನಿಯಂನದು. ಬಿಸಿಗೆ ಅದು ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಸುತ್ತಲಿನ ಭಾಗಗಳೂ ತಕ್ಕಷ್ಟು ಬಿಸಿಯಾಗಿ ಎಲ್ಲವೂ ತಂತಮ್ಮ ಅಳತೆಗೆ ಬರುವವರೆಗೆ ತುಳಿಯಕೂಡದು. ಇದೆಲ್ಲ ಸರಿಯಾದ ಮಾತೇ. ಊಟದ ಪಂಕ್ತಿಯಲ್ಲಿ, ಅಪ್ಪೆಹುಳಿ ಬಡಿಸುವ ಹೊತ್ತಿಗೆ ಹೇಳಬೇಕಿತ್ತೆ ಎಂಬುದಷ್ಟೇ ನನ್ನ ತಕರಾರು.

ಡಿಸೆಂಬರಿನಲ್ಲಿ ಭಾವ ಮುಂಬೈಗೆ, ಮಗಳ ಮನೆಗೆ ಹೊರಟರು. ಕುಮಟಾದಲ್ಲಿ ರೈಲು ಹಿಡಿಯಬೇಕು. ಜೀಪು ಗ್ಯಾರೇಜಿನಲ್ಲಿತ್ತು. "ನನ್ನ ಕಾರಿದೆಯಲ್ಲ ಅಪ್ಪಯ್ಯ" ಎಂದ ಮಾಣಿ. ಭಾವನಿಗೆ ಒಳಗೊಳಗೇ ಖುಷಿ. ಇಷ್ಟು ಸದ್ದು ಮಾಡುವ ಕಾರು ಹೇಗೂ ಬೇಗ ತಲುಪಿಸುತ್ತದೆ ಎಂದುಕೊಂಡು ಅರ್ಧ ಗಂಟೆ ತಡವಾಗಿ ಎದ್ದರು. ಹೆಸರಿಗೆ ನಾಲ್ಕು ಸೀಟಿನ ಆ ಕಾರಿನಲ್ಲಿ ಹಿಂದಿನ ಎರಡನ್ನು ಮಾಡಿದವರು ಕಾಲಿಲ್ಲದ ಮನುಷ್ಯರನ್ನು ಎಲ್ಲಿ ನೋಡಿದ್ದರೋ. ನಾನು ಅಲ್ಲಿ ಅಡ್ಡಡ್ಡ ಮಡಚಿಕೊಂಡು, ಹಪ್ಪಳದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಅಂಗಳದಲ್ಲಿ ಹರವಿದ್ದ ಅಡಿಕೆಯನ್ನು ಬದಿಗೆ ಸರಿಸಿ ದಾರಿ ಮಾಡಿಕೊಟ್ಟ ಅಕ್ಕ, "ನಿಧಾನ ಹೋಗು ಮಾಣಿ" ಎಂದಳು. ತಾಯಿಯ ಮಾತನ್ನು ಇಷ್ಟು ಅಕ್ಷರಶಃ ಪಾಲಿಸಿದ ಮಗನನ್ನು ನಾನು ಕಂಡಿಲ್ಲ.

ಮಣ್ಣುರಸ್ತೆಯಲ್ಲಿ ಹಾಲಿನ ಕ್ಯಾನು ಕಟ್ಟಿದ ಸೈಕಲ್ಲು ನಮ್ಮನ್ನು ಹಿಂದೆ ಹಾಕಿತು. ಅದಕ್ಕೆ ಕಾರಣ ರಸ್ತೆ. ಕಾರಿನ ಹೊಟ್ಟೆ ನೆಲದಿಂದ ನಾಲ್ಕು ಬೆರಳು ಮೇಲಿದೆ. ಡಾಂಬರಿಗೆ ಬಂದ ಮೇಲೆ ಆ ನೆಪ ಇರಲಿಲ್ಲ. ಆದರೂ ಎಂಜಿನ್ನಿನ ಸುತ್ತು ತೋರಿಸುವ ಮುಳ್ಳು ನಿಮಿಷಕ್ಕೆ 2,500 ದಾಟಲಿಲ್ಲ. "ಮೇಲಿನ ಗೇರಿಗೆ ಹಾಕಿದರೆ ಅಷ್ಟು ಸುತ್ತಿನಲ್ಲೇ ವೇಗವಾಗಿ ಹೋಗಬಹುದಲ್ಲ" ಎಂದೆ. "ಈ ಏರಿನಲ್ಲಿ ಹಾಗೆ ಮಾಡಿದರೆ ಎಂಜಿನ್ ಹೆಣಗುತ್ತದೆ ಮಾವ, ತಣ್ಣಗಿದ್ದಾಗ ಅದೂ ಕೆಟ್ಟದ್ದೇ." ಅಷ್ಟರಲ್ಲಿ ಸಾರಿಗೆ ಬಸ್ಸೊಂದು ಹಾರ್ನ್ ಹೊಡೆದು ಮುಂದೆ ಹೋಯಿತು. ಕಂಡಕ್ಟರ್ ಕಿಟಕಿಯಿಂದ ಕತ್ತು ಹೊರಹಾಕಿ, ಏನಾದರೂ ಕೆಟ್ಟಿದೆಯೆ ಎಂದು ಕೈಸನ್ನೆಯಲ್ಲೇ ಕೇಳಿದರು.

ಭಾವನ ಕಣ್ಣು ಮಾತ್ರ ಮೀಟರಿನ ಮೇಲೆ ನೆಟ್ಟಿತ್ತು. ಆ ಕಾರಿನಲ್ಲಿ ಸುತ್ತು ತೋರಿಸುವ ಮೀಟರಿನ ಅಂಚಿಗೆ ಕಿತ್ತಳೆ ಬಣ್ಣದ ಪುಟ್ಟ ದೀಪಗಳ ಸಾಲಿದೆ. ಬಿಎಂಡಬ್ಲ್ಯುದ ಹಳೆಯ ಎಂ3ಯಲ್ಲೂ ಇಂಥದ್ದೇ ಇತ್ತು. ಎಣ್ಣೆ ತಣ್ಣಗಿರುವಾಗ ದೀಪಗಳು ಉರಿಯುತ್ತವೆ, ಉರಿಯುವಲ್ಲಿಗೆ ಮುಳ್ಳು ಹೋಗಬಾರದು. ಎಣ್ಣೆ ಬಿಸಿಯಾದಂತೆ ಒಂದೊಂದಾಗಿ ಆರಿ ಮುಳ್ಳಿಗೆ ಜಾಗ ಬಿಡುತ್ತವೆ. ಇದನ್ನು ಭಾವನಿಗೆ ಯಾರೂ ಹೇಳಿರಲಿಲ್ಲ. ಮೊದಲ ದೀಪ ಆರಿದಾಗ ಅವರು ಸುಮ್ಮನಿದ್ದರು. ಎರಡನೆಯದು ಆರಿದಾಗ ಕನ್ನಡಕ ಸರಿಮಾಡಿಕೊಂಡರು. ಮೂರನೆಯದಕ್ಕೆ ತಡೆಯಲಾಗಲಿಲ್ಲ.

"ಮಾಣಿ, ದೀಪಗಳು ಒಂದೊಂದೇ ಹೋಗುತ್ತಿವೆ. ವೈರನ್ನು ಇಲಿ ಕಡಿದಿರಬೇಕು. ರಾತ್ರಿ ಕೊಟ್ಟಿಗೆಯ ಪಕ್ಕ ನಿಲ್ಲಿಸಬೇಡ ಎಂದರೆ ಕೇಳಿದೆಯಾ?"

"ಆರಬೇಕು ಅಪ್ಪಯ್ಯ. ಆರಿದರೆ ಒಳ್ಳೆಯದು."

"ಇಷ್ಟು ದುಡ್ಡು ಸುರಿದು ತಂದ ಕಾರಿನ ದೀಪ ಆರಿದರೆ ಒಳ್ಳೆಯದೆ?"

ಮಾಣಿ ವಿವರಿಸಿದ. ನೀರಿನ ಉಷ್ಣತೆ ತೋರಿಸುವ ಮುಳ್ಳು ಬೇಗ ನಡುವಿಗೆ ಬರುತ್ತದೆ, ಜನ ಅದನ್ನು ನೋಡಿ ಮೋಸ ಹೋಗುತ್ತಾರೆ. ಎಣ್ಣೆ ಬಿಸಿಯಾಗುವುದಕ್ಕೆ ಅದರ ಎರಡರಷ್ಟು ಹೊತ್ತಾದರೂ ಬೇಕು. ಗೇರ್ ಬಾಕ್ಸಿನ ಎಣ್ಣೆ, ಟೈರು ಎಲ್ಲ ಇನ್ನೂ ಆಮೇಲೆ. ಭಾವ ಪೂರ್ತಿ ಕೇಳಿಸಿಕೊಂಡು, "ಹಾಗಾದರೆ ನನ್ನ ಜೀಪೇ ವಾಸಿ, ಅದಕ್ಕೆ ದೀಪವೇ ಇಲ್ಲ" ಎಂದರು.

ಇನ್ನು ಎರಡೇ ದೀಪ ಉಳಿದಿದ್ದವು. ಮಾಣಿ ಸೀಟಿನಲ್ಲಿ ನೆಟ್ಟಗೆ ಕುಳಿತ. ರಾಗಿಹೊಸಳ್ಳಿ ದಾಟಿತು. ಆಗ ಬಂತು ದೇವಿಮನೆ ಘಟ್ಟ.

ಘಟ್ಟ ಏರುವವರಿಗೆ ಎಂಜಿನ್ ಬಿಸಿಯಾಗುತ್ತದೆ. ನಾವು ಇಳಿಯುವವರು. ಇಳಿಜಾರಿನಲ್ಲಿ, ಗೇರಿನಲ್ಲೇ ಕಾಲು ತೆಗೆದರೆ ಈಗಿನ ಎಂಜಿನ್ನುಗಳು ಪೆಟ್ರೋಲನ್ನೇ ನಿಲ್ಲಿಸಿಬಿಡುತ್ತವೆ. ಗಾಲಿಗಳೇ ಎಂಜಿನ್ನನ್ನು ತಿರುಗಿಸುತ್ತಿರುತ್ತವೆ. ಉರಿಯೇ ಇಲ್ಲದ ಮೇಲೆ ಬಿಸಿ ಎಲ್ಲಿಂದ? ಕಾಡಿನ ತಂಪುಗಾಳಿ ಬೇರೆ. ಮುಂದೆ ಅಡಿಕೆ ತುಂಬಿದ ಲಾರಿ, ಹಿಂದೆ ಜೋಗುಳಕ್ಕೆ ಹೇಳಿ ಮಾಡಿಸಿದ ತಿರುವುಗಳು. ಮೂರನೆಯ ತಿರುವಿನಲ್ಲಿ ಆರಿದ್ದ ಒಂದು ದೀಪ ಮತ್ತೆ ಹತ್ತಿಕೊಂಡಿತು.

"ಬಂತು, ಬಂತು!" ಎಂದು ಭಾವ ಸಂಭ್ರಮಪಟ್ಟರು. "ರಿಪೇರಿಯಾಯಿತು ನೋಡು."

ಮಾಣಿಯ ಮುಖವನ್ನು ನೋಡುವುದಕ್ಕೆ ಹಪ್ಪಳದ ಡಬ್ಬಿ ಅಡ್ಡವಿತ್ತು. ಅಷ್ಟೇ ಬೇಸರ.

ಕೊನೆಯ ದೀಪ ಆರಿದ್ದು ಘಟ್ಟ ಮುಗಿದು ಕತಗಾಲ ದಾಟಿದ ಮೇಲೆ. ಎದುರಿಗೆ ನೇರ ರಸ್ತೆ. "ಈಗ ಹಿಡಿದುಕೊಳ್ಳಿ" ಎಂದ ಮಾಣಿ, ಗೇರು ಇಳಿಸಿ ಒತ್ತಿದ. ಬೆನ್ನು ಸೀಟಿಗೆ ಅಂಟಿತು, ಭಾವನ ಬಾಯಿಂದ ಅರ್ಧ ರಾಮನಾಮ ಹೊರಟಿತು. ಇನ್ನರ್ಧ ಹೊರಡುವ ಮೊದಲೇ ಬ್ರೇಕು. ಮೀನಿನ ಪೆಟ್ಟಿಗೆ ಕಟ್ಟಿಕೊಂಡ ಸ್ಕೂಟರೊಂದು ಪೋಂ ಪೋಂ ಎನ್ನುತ್ತ ಅಡ್ಡರಸ್ತೆಯಿಂದ ಬಂದು, ಕುಮಟಾ ಪೇಟೆಯವರೆಗೂ ನಮ್ಮ ಮುಂದೆಯೇ ನಡೆಯಿತು. ಆ ವಾಸನೆಯ ಬಗ್ಗೆ ಭಾವ ಏನೂ ಅನ್ನಲಿಲ್ಲ, ಮೂಗಿಗೆ ಶಲ್ಯ ಹಿಡಿದುಕೊಂಡರು ಅಷ್ಟೇ.

ನಿಲ್ದಾಣದಲ್ಲಿ ಕಾರು ನಿಂತಿತು, ಎಂಜಿನ್ ನಿಲ್ಲಲಿಲ್ಲ. ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೊ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವಂಥದ್ದು. ಅದನ್ನು ದುಡಿಸಿದ ಮೇಲೆ ಒಮ್ಮೆಲೇ ಆರಿಸಿದರೆ ಅದರ ಬೇರಿಂಗಿನಲ್ಲಿ ನಿಂತ ಎಣ್ಣೆ ಸುಟ್ಟು ಕರಿಕಟ್ಟುತ್ತದೆ, ಎರಡು ನಿಮಿಷ ಹಾಗೆಯೇ ಬಿಡಬೇಕು ಎಂದ. ಮೀನಿನ ಸ್ಕೂಟರಿನ ಹಿಂದೆ ಅಷ್ಟು ದೂರ ತೆವಳಿದ ಮೇಲೆ ಅದು ದಾರಿಯಲ್ಲೇ ತಣಿದಿತ್ತು ಎಂದು ನನ್ನ ಅಭಿಪ್ರಾಯ. ಭಕ್ತಿಯ ವಿಷಯದಲ್ಲಿ ವಾದ ಮಾಡಬಾರದೆಂದು ಸುಮ್ಮನಿದ್ದೆ. ಹೇಗೂ ಆ ತಗ್ಗು ಸೀಟಿನಿಂದ ಭಾವನ ಮಂಡಿ ಹೊರಬರುವುದಕ್ಕೂ ಎರಡು ನಿಮಿಷ ಬೇಕಾಯಿತು. ಒಂದು ಕಾಲು ಹೊರಗಿಟ್ಟು, ಬಾಗಿಲು ಹಿಡಿದು ಏದುಸಿರು ಬಿಡುತ್ತ ಕೇಳಿದರು:

"ಮಾಣಿ, ಈ ರೈಲಿನವರೂ ಎಣ್ಣೆ ಬಿಸಿಯಾಗುವವರೆಗೆ ನಿಧಾನ ಬಿಡುತ್ತಾರಾ?"

"ಇಲ್ಲ ಅಪ್ಪಯ್ಯ, ಕೊಂಕಣ ರೈಲ್ವೆ 2022ರಲ್ಲೇ ಪೂರ್ತಿ ಕರೆಂಟಿಗೆ ಬಂದಿದೆ."

"ಹಾಗಾದರೆ ಪೆಟ್ಟಿಗೆ ಹಿಡಿದು ಓಡು."